ಸ್ಪಿಟ್‌ಫೈರ್ ಕಾರಿನ ಡಿಫರೆನ್ಷಿಯಲ್: ಮನೆಯ ಪಾರ್ಕಿಂಗ್‌ನಲ್ಲೇ ಬದಲಿಸುವುದು ಹೇಗೆ?

ಪುಣೆ, ಮುಂಬಯಿಯಲ್ಲಿ ಹಳೇ ಟ್ರಯಂಫ್ ಸ್ಪಿಟ್‌ಫೈರ್ ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಆದರೆ ಅವರಿಗೊಂದು ಅನುಕೂಲವಿದೆ. 1962ರಲ್ಲಿ ಬಂದ ಈ ಪುಟ್ಟ ಸ್ಪೋರ್ಟ್ಸ್ ಕಾರಿನ ಚಾಸಿಸ್ ಹುಟ್ಟಿದ್ದು ಟ್ರಯಂಫ್ ಹೆರಾಲ್ಡ್‌ನಿಂದ. ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಯಿತು. ಹಾಗಾಗಿ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ, ಹೋದರೆ ಇಂಗ್ಲೆಂಡಿನತ್ತಲೇ ಮುಖ ಮಾಡಬೇಕಿಲ್ಲ. ಪುಣೆಯ ಜುನಾ ಬಜಾರ್ ಅಥವಾ ಮುಂಬಯಿಯ ಕುರ್ಲಾದ ಗುಜರಿಯಲ್ಲಿ ಅದೃಷ್ಟವಿದ್ದರೆ ಸಿಗಬಹುದು. ಇಲ್ಲಿ ಹೇಳುತ್ತಿರುವುದು ಮಾರ್ಕ್ 1ರಿಂದ 3ರವರೆಗಿನ, ಅಂದರೆ ಮೊದಲ ಮೂರು ಆವೃತ್ತಿಗಳ ಕಾರುಗಳ ಬಗ್ಗೆ. ಮಾರ್ಕ್ 4ರಿಂದ ಈಚಿನ ಕಾರುಗಳಲ್ಲಿ ಡಿಫರೆನ್ಷಿಯಲ್ ಮೇಲೆ ಸ್ಪ್ರಿಂಗ್ ಕೂರುವ ರೀತಿಯೇ ಬೇರೆ.

ಮೊದಲು ಕಳ್ಳನನ್ನು ಹಿಡಿಯಿರಿ

ಬಿಚ್ಚುವ ಮುಂಚೆ ತಪ್ಪು ಯಾರದ್ದು ಅಂತ ನೋಡಬೇಕು, ಅಲ್ವಾ? ಆಕ್ಸಿಲರೇಟರ್ ಒತ್ತಿದಾಗ ಗುಂಯ್ ಎಂದು ಹಾಡಿ, ಕಾಲು ತೆಗೆದಾಗ ಸದ್ದು ಬದಲಾದರೆ ಕ್ರೌನ್-ಪಿನಿಯನ್ ಮೇಲೆ, ಅಂದರೆ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳ ಜೋಡಿಯ ಮೇಲೆ ಅನುಮಾನ ಪಡಿ. ಕ್ಲಚ್ ಬಿಡುವಾಗ ಟಕ್ ಎಂದರೆ ಮಾತ್ರ ಅವಸರ ಬೇಡ. ಆ ಟಕ್ ಹೆಚ್ಚಾಗಿ ಬರುವುದು ಮೆಕ್ಯಾನಿಕ್‌ಗಳು 'ಕ್ರಾಸ್' ಎನ್ನುವ ಯೂನಿವರ್ಸಲ್ ಜಾಯಿಂಟ್‌ನಿಂದ, ಇಲ್ಲವೇ ಡಿಫರೆನ್ಷಿಯಲ್ ಹಿಡಿದಿರುವ ರಬ್ಬರ್ ಬುಷ್‌ನಿಂದ. ಚಕ್ರಕ್ಕೆ ಹೋಗುವ ಎರಡು ಶಾಫ್ಟ್‌ಗಳನ್ನೂ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟನ್ನೂ ಕೈಯಲ್ಲಿ ತಿರುಚಿ, ಸಡಿಲವಿದೆಯೇ ನೋಡಿ. ಒಂದು ಕ್ರಾಸ್‌ಗೋಸ್ಕರ ಇಡೀ ಡಿಫರೆನ್ಷಿಯಲ್ ಇಳಿಸುವುದು ಸುಮ್ನೆ ದಂಡ.

ಕೊಳ್ಳುವಾಗ ಎಣಿಸಿ

ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದೇ ರೇಷಿಯೋ. ಅಂಗಡಿಯವನು ಹೇಳಿದ್ದನ್ನು ನಂಬಬೇಡಿ. ಒಂದು ಬದಿಯ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ತಟ್ಟೆ) ಅಲ್ಲಾಡದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಮುಂದಿನ ಪಿನಿಯನ್ ಎಷ್ಟು ಸುತ್ತು ಬಂತೋ ಅದೇ ರೇಷಿಯೋ. ನಾಲ್ಕು ಸುತ್ತು ದಾಟಿ ಇನ್ನೂ ಸ್ವಲ್ಪ ಬಂದರೆ 4.11. ಮೊದಲ ಸ್ಪಿಟ್‌ಫೈರ್‌ಗಳಲ್ಲಿ ಇದ್ದದ್ದು ಇದೇ. ಐದಕ್ಕೆ ಕೊಂಚ ಕಡಿಮೆ ಬಂದರೆ ಅದು 948 ಸಿಸಿ ಹೆರಾಲ್ಡ್‌ನ 4.875. ಅದನ್ನು ಹಾಕಿಕೊಂಡರೆ ಮುಂಬಯಿ-ಪುಣೆ ನಡುವಿನ ಬೋರ್ ಘಾಟಿ ಸಲೀಸಾಗಿ ಹತ್ತಬಹುದು, ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಎಂಜಿನ್ ಒಂದೇ ಸಮ ಕಿರುಚುತ್ತದೆ. ಫ್ಲ್ಯಾಂಜ್‌ಗಳ ಬೋಲ್ಟ್ ತೂತುಗಳನ್ನೂ ಹಳೆಯದಕ್ಕೆ ಅಳತೆ ಹಿಡಿದು ನೋಡಿ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಜೆಲ್‌ನದು ಬೇಡವೇ ಬೇಡ. ಅದರ ಹಿಂದಿನ ಆ್ಯಕ್ಸಲ್ ಎರಡೂ ಚಕ್ರ ಸೇರಿ ಒಂದೇ ಇಡಿಯಾದದ್ದು, ಇಲ್ಲಿ ಕೂರುವುದಿಲ್ಲ.

ಇಳಿಸುವ ಕೆಲಸ

ಮಳೆ ಶುರುವಾಗುವ ಮುಂಚೆ ಒಂದು ಶನಿವಾರ-ಭಾನುವಾರ ಆರಿಸಿಕೊಳ್ಳಿ. ಸೊಸೈಟಿ ಸೆಕ್ರೆಟರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಣ್ಣೆ ಕಲೆ ಕಂಡ ಮೇಲೆ ಹೇಳಿದರೆ ಮಾತು ಬೆಳೆಯುತ್ತದೆ. ನಟ್ಟುಗಳೆಲ್ಲ ಇಂಚಿನ ಅಳತೆ. 9/16ರ ಜಾಗಕ್ಕೆ 14ರ ಪಾನಾ ಹೋಗುವುದಿಲ್ಲ, 15ರದು ಜಾರಿ ಮೂಲೆ ಸವೆಸುತ್ತದೆ. ಹಿಂದಿನ ದಿನವೇ ಎಲ್ಲ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂಬದಿ ಎತ್ತಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಡಿ. ಪಾರ್ಕಿಂಗ್‌ನಲ್ಲಿ ಪೇವರ್ ಬ್ಲಾಕ್ ಇದ್ದರೆ ಸ್ಟ್ಯಾಂಡ್ ಕೆಳಗೆ ದಪ್ಪ ಪ್ಲೈವುಡ್ ಹಾಕಲೇಬೇಕು. ಬರೀ ಜಾಕ್ ನಂಬಿ ಕಾರಿನಡಿ ನುಗ್ಗುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಚಕ್ರ ತೆಗೆಯಿರಿ, ಎಣ್ಣೆ ಇಳಿಸಿ, ಅಡ್ಡ ಬರುವ ಸೈಲೆನ್ಸರ್ ಪೈಪ್ ಬಿಚ್ಚಿ. ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜ್‌ಗಳಿಗೆ ಗುರುತು ಹಾಕಿ ನಾಲ್ಕು ಬೋಲ್ಟ್ ತೆಗೆಯಿರಿ.

ಇನ್ನು ಸ್ಪ್ರಿಂಗ್. ಅಪಾಯ ಇರುವುದು ಇಲ್ಲಿ. ಡಿಫರೆನ್ಷಿಯಲ್‌ನ ನೆತ್ತಿ ಮೇಲೆ ಅಡ್ಡಕ್ಕೆ ಒಂದೇ ಪಟ್ಟಿ ಸ್ಪ್ರಿಂಗ್ ಕೂತಿದೆ. ಚಕ್ರ ಕೆಳಗೆ ಜಾರದಂತೆ ತಡೆದಿರುವುದು ಶಾಕ್ ಅಬ್ಸಾರ್ಬರ್. ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಧಡ್ ಎಂದು ಒದೆಯುತ್ತದೆ. ಆದ್ದರಿಂದ ಮೊದಲು ಹಬ್ (ಚಕ್ರ ಕೂರುವ ಭಾಗ) ಕೆಳಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ, ಆಮೇಲೆ ಶಾಕ್‌ನ ಕೆಳಗಿನ ತುದಿ ಬಿಚ್ಚಿ ನಿಧಾನವಾಗಿ ಇಳಿಸಿ. ಎರಡೂ ಕಡೆ ಹೀಗೇ. ಬಿಗಿ ಪೂರ್ತಿ ಸಡಿಲವಾದ ಮೇಲೆ ಸ್ಪ್ರಿಂಗ್‌ನ ತುದಿಯ ಬೋಲ್ಟ್ ತೆಗೆಯಿರಿ. ಹಬ್ಬನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಬ್ರೇಕ್ ಪೈಪಿಗೆ ಜೋತು ಬೀಳಬಾರದು. ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಸ್ಪ್ರಿಂಗ್ ಹಿಡಿದ ಆರು ನಟ್ಟು ಕಾಣುತ್ತವೆ. ನಟ್ಟು ತೆಗೆದ ಮೇಲೆ ಉಳಿಯುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಅಡ್ಡ ಬಂದರೆ ಅದಕ್ಕೆ ಎರಡು ನಟ್ಟು ಒಂದಕ್ಕೊಂದು ಬಿಗಿದು ತಿರುಗಿಸಿ, ಹೊರಗೆ ಬರುತ್ತದೆ. ಸ್ಪ್ರಿಂಗನ್ನು ಪಕ್ಕಕ್ಕೆ ಎಳೆದು ತೆಗೆಯಿರಿ.

ಈಗ ಚಕ್ರದ ಶಾಫ್ಟ್‌ಗಳ ಒಳಬದಿ ಫ್ಲ್ಯಾಂಜ್, ಒಂದೊಂದಕ್ಕೆ ನಾಲ್ಕು ಬೋಲ್ಟ್. ಡಿಫರೆನ್ಷಿಯಲ್‌ಗೆ ಟ್ರಾಲಿ ಜಾಕ್ ಮತ್ತು ಹಲಗೆ ಕೊಟ್ಟು, ಮುಂದಿನ ಎರಡು ನಟ್ಟು, ಆಮೇಲೆ ಹಿಂದಿನ ಉದ್ದ ಬೋಲ್ಟ್ ತೆಗೆಯಿರಿ. ಮುಂಬಯಿಯ ಕಡಲ ಗಾಳಿ ತಿಂದ ಕಾರಾದರೆ ಈ ಬೋಲ್ಟ್ ಬುಷ್‌ಗೇ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಿಂದ ಚಾಸಿಸ್ ಕೊಂಬು ಬಗ್ಗಿಸುವುದಕ್ಕಿಂತ ಹ್ಯಾಕ್ಸಾದಿಂದ ಕತ್ತರಿಸುವುದೇ ವಾಸಿ. ಇಳಿಸುವಾಗ ಜೊತೆಗೊಬ್ಬರು ಇರಲಿ, ಒಬ್ಬರ ಕೈಗೆ ಅದು ಭಾರ.

ಏರಿಸುವಾಗ

ರಬ್ಬರ್ ಬುಷ್‌ಗಳನ್ನೆಲ್ಲ ಹೊಸತು ಹಾಕಿ, ಮತ್ತೆ ಇಳಿಸುವ ಮನಸ್ಸಾಗುವುದಿಲ್ಲ. ಪಿನಿಯನ್ ಆಯಿಲ್ ಸೀಲ್ ಬದಲಿಸುವುದಾದರೆ ನಟ್ಟಿನ ಜಾಗಕ್ಕೆ ಗುರುತು ಮಾಡಿ, ಸರಿಯಾಗಿ ಅಲ್ಲಿಗೇ ಬಿಗಿಯಿರಿ. ಜಾಸ್ತಿ ಬಿಗಿದರೆ ಬೇರಿಂಗ್ ಹೋಗುತ್ತದೆ. ನೈಲಾನ್ ಇರುವ ಲಾಕ್ ನಟ್ಟುಗಳೂ ಹೊಸತೇ ಇರಲಿ. ಜೋಡಣೆ ಬಿಚ್ಚಿದ್ದರ ಉಲ್ಟಾ. ಇಪಿ 90 ಗೇರ್ ಎಣ್ಣೆ ಸುಮಾರು 570 ಎಂಎಲ್ ಹಿಡಿಯುತ್ತದೆ. ಕಾರು ಮಟ್ಟವಾಗಿರುವಾಗ ಫಿಲ್ಲರ್ ತೂತಿನ ಅಂಚಿಗೆ ಬಂದರೆ ಸಾಕು.

ಕೆಳಗಿಳಿಸಿದಾಗ ಹಿಂದಿನ ಚಕ್ರಗಳು ಒಳಮುಖವಾಗಿ ಮಡಚಿ, ಕಾರು ಎತ್ತರಕ್ಕೆ ನಿಲ್ಲುತ್ತದೆ. ಗಾಬರಿ ಬೇಡ. ನಾಲ್ಕು ಮಾರು ಹಿಂದೆ ಮುಂದೆ ತಳ್ಳಿದರೆ ತಾನಾಗಿ ಕೂರುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿಯುವುದು ಹೀಗೆ ಕೂತ ಮೇಲೆಯೇ.

ನಂತರ ಬಂದ 1500 ಸ್ಪಿಟ್‌ಫೈರ್‌ನ 3.63 ರೇಷಿಯೋದ ಡಿಫರೆನ್ಷಿಯಲ್ ಸಿಕ್ಕಿ, ಅದನ್ನೇ ಹೊಂದಿಸಿಕೊಂಡವರಿಗೆ ಒಂದು ಮಾತು. ಸ್ಪೀಡೋಮೀಟರ್ ನಡೆಯುವುದು ಗೇರ್‌ಬಾಕ್ಸ್‌ನಿಂದ. 4.11ಕ್ಕೆ ಹೊಂದಿಸಿದ ಮುಳ್ಳು 100 ತೋರಿಸುವಾಗ ನಿಜವಾದ ವೇಗ 113. ಎಕ್ಸ್‌ಪ್ರೆಸ್‌ವೇ ಕ್ಯಾಮೆರಾಕ್ಕೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ, ಮೀಟರನ್ನೂ ಸರಿಮಾಡಿಸಿಕೊಳ್ಳಿ.