ಕಿವಿಯಿಂದ ಓದುವವರಿಗಾಗಿ ಬರಹವನ್ನು ಅಣಿಗೊಳಿಸುವುದು

ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಮತ್ತು ಜಾಸ್, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಹೆಚ್ಚು ಬಳಕೆಯಲ್ಲಿವೆ. ಕಣ್ಣು ಕಾಣದವರಿಗೆ ಅಥವಾ ದೃಷ್ಟಿ ತೀರಾ ಮಂದವಾಗಿರುವವರಿಗೆ ಅಂತರ್ಜಾಲದ ಬರಹ ತಲುಪುವುದು ಬಹುಮಟ್ಟಿಗೆ ಇವುಗಳ ಮೂಲಕವೇ. ಇವು ಅಕ್ಷರದ ಆಕಾರವನ್ನು ನೋಡಿ ಓದುವುದಿಲ್ಲ. ಅಕ್ಷರದ ಹಿಂದಿರುವ ಸಂಕೇತವನ್ನೂ, ಇದು ಶೀರ್ಷಿಕೆ, ಇದು ಪಟ್ಟಿ, ಇದು ಲಿಂಕ್ ಎಂದು ನಾವು ಹಾಕಿರುವ ಗುರುತನ್ನೂ ಹಿಡಿದು ಓದುತ್ತವೆ. ಆದ್ದರಿಂದ ನೋಡಲು ಅಚ್ಚುಕಟ್ಟಾಗಿರುವ ಬರಹ ಕೇಳಲು ಅರ್ಥವೇ ಆಗದಿರುವುದು ಸಾಧ್ಯ.

ಕನ್ನಡದಲ್ಲಿ ಬರೆಯುವವರು ಮೊದಲು ನೋಡಬೇಕಾದದ್ದು ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಹಾಗೆ ಟೈಪಿಸಿದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಸ್ಕ್ರೀನ್ ರೀಡರ್ ಪಾಲಿಗೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಅಂಥ ಕಡತ ಕೈಯಲ್ಲಿದ್ದರೆ ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒಮ್ಮೆ ಕರಡು ತಿದ್ದಿ, ಆಮೇಲಷ್ಟೇ ಪ್ರಕಟಿಸಬೇಕು.

ಯೂನಿಕೋಡ್‌ನಲ್ಲೇ ಬರೆದರೂ ಒಂದು ತಪ್ಪು ಮೆಲ್ಲಗೆ ನುಸುಳುತ್ತದೆ. ‘ಸ೦ಪರ್ಕ’ ಮತ್ತು ‘ಸಂಪರ್ಕ’ ಎಂಬ ಈ ಎರಡು ಪದಗಳನ್ನು ಗಮನಿಸಿ. ಮೊದಲನೆಯದರಲ್ಲಿ ಅನುಸ್ವಾರದ ಜಾಗದಲ್ಲಿರುವುದು ಕನ್ನಡ ಅಂಕಿಯ ಸೊನ್ನೆ. ಎರಡೂ ದುಂಡಗಿರುವುದರಿಂದ ಕಣ್ಣು ಮೋಸಹೋಗುತ್ತದೆ, ಕಿವಿ ಹೋಗುವುದಿಲ್ಲ: ಪದ ನಡುವೆ ಒಡೆದು, ‘ಸ’ ಆದ ಮೇಲೆ ಒಂದು ಸೊನ್ನೆ, ಅದಾದ ಮೇಲೆ ‘ಪರ್ಕ’ ಎಂದು ಕೇಳಿಸಬಹುದು. ಅನುಸ್ವಾರ ನಮ್ಮ ಹೆಚ್ಚುಕಡಿಮೆ ಪ್ರತಿ ವಾಕ್ಯದಲ್ಲೂ ಬರುವುದರಿಂದ ಇದು ಸಣ್ಣ ತೊಂದರೆಯೇನಲ್ಲ. ‘ಪುನಃ’ ಎಂಬಲ್ಲಿ ವಿಸರ್ಗದ ಬದಲು ವಿವರಣೆಯ ಎರಡು ಚುಕ್ಕಿ ಹಾಕುವುದೂ ಇದೇ ಜಾತಿಯ ತಪ್ಪು. ಬರೆದು ಮುಗಿಸಿದ ಮೇಲೆ ‘ಹುಡುಕಿ ಬದಲಿಸು’ ಸೌಲಭ್ಯದಲ್ಲಿ ಕನ್ನಡದ ಸೊನ್ನೆಯನ್ನು ಹುಡುಕಿದರೆ ಇಂಥವು ಒಂದೊಂದಾಗಿ ಸಿಕ್ಕಿಬೀಳುತ್ತವೆ. ಆದರೆ ಒಟ್ಟಿಗೇ ಬದಲಿಸಬೇಡಿ, ಎಲ್ಲೋ ಒಂದು ಕಡೆ ಅದು ನಿಜವಾದ ಸೊನ್ನೆಯೇ ಆಗಿರಬಹುದು. ಹಾಗೆಯೇ, ಅಂದಕ್ಕಾಗಿ ‘ಸೂ ಚ ನೆ’ ಎಂದು ಅಕ್ಷರಗಳ ನಡುವೆ ಜಾಗ ಬಿಟ್ಟರೆ ಅದು ಪದವಾಗಿ ಕೇಳಿಸದೆ ಬಿಡಿ ಅಕ್ಷರಗಳಾಗಿ ಕೇಳಿಸುತ್ತದೆ.

ಪುಟದ ಭಾಷೆ ಕನ್ನಡವೆಂದು, ಜಾಲಪುಟಗಳನ್ನು ಕಟ್ಟುವ ಸಂಕೇತ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಗುರುತಿಸುವುದನ್ನು ಮರೆಯಬಾರದು. ಗುರುತು ಇಂಗ್ಲಿಷಿನದ್ದಾಗಿದ್ದರೆ ಇಂಗ್ಲಿಷ್ ಧ್ವನಿಯೇ ಓದಲು ಹೊರಟು ಕನ್ನಡದ ಸಾಲುಗಳನ್ನು ಮೌನವಾಗಿ ದಾಟಿಬಿಡಬಹುದು.

ಇನ್ನು ಶೀರ್ಷಿಕೆಗಳು. ಕಣ್ಣಿರುವವರು ಪುಟದ ಮೇಲೆ ದೃಷ್ಟಿ ಹಾಯಿಸಿ ಬೇಕಾದ ಭಾಗವನ್ನು ಹುಡುಕಿಕೊಳ್ಳುವಂತೆ, ಎನ್‌ವಿಡಿಎ ಅಥವಾ ಜಾಸ್ ಬಳಸುವವರು ಎಚ್ ಕೀಲಿಯನ್ನು ಒತ್ತುತ್ತ ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ ಹಾರುತ್ತಾರೆ. 1ರಿಂದ 6ರವರೆಗಿನ ಅಂಕಿ ಕೀಲಿಗಳಿಂದ ಆಯಾ ಹಂತದ ಶೀರ್ಷಿಕೆಗೇ ಹೋಗಬಹುದು. ಆದರೆ ಅಕ್ಷರವನ್ನು ದಪ್ಪ ಮಾಡಿ, ಗಾತ್ರ ಹೆಚ್ಚಿಸಿದ ಮಾತ್ರಕ್ಕೆ ಒಂದು ಸಾಲು ಶೀರ್ಷಿಕೆಯಾಗುವುದಿಲ್ಲ. ಬರೆಯುವ ತಂತ್ರಾಂಶದ ಶೈಲಿಗಳ ಪಟ್ಟಿಯಿಂದ ‘ಹೆಡಿಂಗ್ 2’ ಅಥವಾ ‘ಹೆಡಿಂಗ್ 3’ ಆರಿಸಿದಾಗ ಮಾತ್ರ ಆ ಕೀಲಿಗೆ ಅದು ಸಿಗುತ್ತದೆ. ನನ್ನ ಮಟ್ಟಿಗೆ, ಉದ್ದನೆಯ ಬರಹಕ್ಕೆ ಒಂದೇ ಒಂದು ಸುಧಾರಣೆ ಮಾಡಲು ಸಮಯವಿದ್ದರೆ ಮಾಡಬೇಕಾದದ್ದು ಇದನ್ನೇ. ದಪ್ಪಕ್ಷರ ಇದ್ದದ್ದನ್ನೂ ಸಾಮಾನ್ಯವಾಗಿ ಈ ತಂತ್ರಾಂಶಗಳು ಹೇಳುವುದಿಲ್ಲವಾದ್ದರಿಂದ, ಎಚ್ಚರಿಕೆಯ ಮಾತಿದ್ದರೆ ‘ಗಮನಿಸಿ’ ಎಂಬ ಪದದಿಂದಲೇ ಅದನ್ನು ಆರಂಭಿಸುವುದು ಲೇಸು.

ಲಿಂಕ್‌ಗಳನ್ನಷ್ಟೇ ಪಟ್ಟಿಯಾಗಿ ತೆರೆದು ಕೇಳುವ ಅಭ್ಯಾಸವೂ ಉಂಟು. ಆ ಪಟ್ಟಿಯಲ್ಲಿ ‘ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ’ ಎಂದು ಹತ್ತು ಸಲ ಕೇಳಿಸಿದರೆ ಯಾವುದನ್ನು ಒತ್ತಬೇಕು? ‘ಅರ್ಜಿ ನಮೂನೆಯನ್ನು ಇಳಿಸಿಕೊಳ್ಳಿ’ ಎಂಬಷ್ಟು ಪದಗಳಿಗೆ ಲಿಂಕ್ ಕೊಟ್ಟರೆ ಸುತ್ತಲಿನ ವಾಕ್ಯವಿಲ್ಲದೆಯೂ ಅರ್ಥವಾಗುತ್ತದೆ. ಉದ್ದನೆಯ ವಿಳಾಸವನ್ನು ಹಾಗೆಯೇ ಅಂಟಿಸಿದರೆ ಅದರ ಗೆರೆ, ಚುಕ್ಕಿ, ಅಂಕಿಗಳನ್ನೆಲ್ಲ ಕೇಳುಗರು ಸಹಿಸಿಕೊಳ್ಳಬೇಕಾಗುತ್ತದೆ.

ಚಿತ್ರಕ್ಕೆ ಪರ್ಯಾಯ ಪಠ್ಯ, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ, ಬರೆಯುವಾಗ, ಈ ಚಿತ್ರವನ್ನು ಇಲ್ಲಿ ಏಕೆ ಹಾಕಿದ್ದೇನೆ ಎಂದು ಕೇಳಿಕೊಳ್ಳಿ. ಆ ಉತ್ತರವೇ ಪಠ್ಯ. ‘ಚಿತ್ರ’ ಎಂದು ತಂತ್ರಾಂಶವೇ ಹೇಳುವುದರಿಂದ ನಾವು ಮತ್ತೆ ‘ಇದೊಂದು ಚಿತ್ರ’ ಎಂದು ಬರೆಯಬೇಕಿಲ್ಲ. ರೇಖಾನಕ್ಷೆಯೊಂದಕ್ಕೆ ‘ಮಳೆಯ ನಕ್ಷೆ’ ಎಂದು ಬರೆದರೆ ಏನೂ ತಿಳಿಯದು. ‘ಜೂನ್‌ನಿಂದ ಏರಿದ ಮಳೆ ಜುಲೈನಲ್ಲಿ ಅತಿ ಹೆಚ್ಚಾಗಿ, ಸೆಪ್ಟೆಂಬರ್‌ನಲ್ಲಿ ಅರ್ಧಕ್ಕಿಳಿದಿದೆ’ ಎಂದರೆ ನಕ್ಷೆ ಕಂಡಂತೆಯೇ. ಬರೀ ಅಲಂಕಾರದ ಚಿತ್ರವಾದರೆ ಪರ್ಯಾಯ ಪಠ್ಯದ ಜಾಗವನ್ನು ಖಾಲಿ ಇಡಬೇಕು, ಆ ಜಾಗದ ಗುರುತನ್ನೇ ಎಚ್‌ಟಿಎಂಎಲ್‌ನಿಂದ ತೆಗೆದುಹಾಕಬಾರದು. ಅದು ಇಲ್ಲವೇ ಇಲ್ಲವೆಂದಾದರೆ ಕಡತದ ಹೆಸರನ್ನೇ ಓದುವ ಸಂಭವವಿದೆ. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ ಆಹ್ವಾನ, ಸುತ್ತೋಲೆ, ಪ್ರಕಟಣೆಗಳನ್ನು ಇಡಿಯಾಗಿ ಚಿತ್ರವಾಗಿಸಿ ಹಂಚುವುದು. ದಿನಾಂಕ, ಸಮಯ, ಸ್ಥಳ ಎಲ್ಲವೂ ಅದರೊಳಗೇ ಉಳಿದು, ಕೇಳುವವರಿಗೆ ‘ಚಿತ್ರ’ ಎಂಬ ಒಂದೇ ಪದ ಸಿಗುತ್ತದೆ. ಅಷ್ಟನ್ನೂ ಕೆಳಗೆ ಪಠ್ಯವಾಗಿ ಹಾಕಲು ಎರಡು ನಿಮಿಷ ಸಾಕು.

ಉಳಿದವು ಚಿಕ್ಕ ಸಂಗತಿಗಳು. ಇಮೋಜಿಗಳನ್ನು ಅವುಗಳ ಹೆಸರಿನಿಂದ ಓದಲಾಗುತ್ತದೆ, ಆದ್ದರಿಂದ ವಾಕ್ಯದ ನಡುವೆ ಬೇಡ, ಕೊನೆಯಲ್ಲಿ ಒಂದು ಸಾಕು. ಪಟ್ಟಿಯನ್ನು ಗೆರೆ ಎಳೆದು ಮಾಡದೆ ಪಟ್ಟಿಯ ಗುಂಡಿಯಿಂದಲೇ ಮಾಡಿದರೆ ಅದರಲ್ಲಿ ಎಷ್ಟು ಅಂಶಗಳಿವೆ ಎಂಬುದು ಮೊದಲೇ ತಿಳಿಯುತ್ತದೆ. ಕೋಷ್ಟಕಕ್ಕೆ ತಲೆಸಾಲು ಗುರುತಿಸಿ. ‘ಬಲಗಡೆಯ ಕೆಂಪು ಗುಂಡಿ’ ಎನ್ನುವ ಬದಲು ಗುಂಡಿಯ ಹೆಸರು ಹೇಳಿ.

ಪ್ರಕಟಿಸುವ ಮೊದಲು ನೀವೇ ಕೇಳಿ ನೋಡಿ. ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಟಾಕ್‌ಬ್ಯಾಕ್ ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೊದಲೇ ಇರುತ್ತದೆ. ಆದರೆ ಅದನ್ನು ಆನ್ ಮಾಡಿದಾಗ ಬೆರಳಿನ ಸನ್ನೆಗಳು ಬದಲಾಗುವುದರಿಂದ, ಒಮ್ಮೆ ಮುಟ್ಟಿ ಆರಿಸಿ, ಎರಡು ಸಲ ತಟ್ಟಿ ತೆರೆಯಬೇಕೆಂಬುದು ನೆನಪಿರಲಿ. ಪರದೆಯನ್ನು ನೋಡದೆ ಮೊದಲಿಂದ ಕೊನೆಯವರೆಗೆ ಕೇಳಿ, ಎಲ್ಲೆಲ್ಲಿ ಎಳೆ ತಪ್ಪಿತೋ ಅಲ್ಲಿ ತಿದ್ದಿ, ಮತ್ತೊಮ್ಮೆ ಕೇಳಿ.