ತಾಮ್ರದ ಒಂದು ಎಳೆ, ಬೆಳಕಿಗೆ ಎರಡು ದಾರಿ

ಒಟ್ಟು ಖರ್ಚು ಆರು ಸಾವಿರ ರೂಪಾಯಿ ಆಸುಪಾಸು. ಅದರಲ್ಲಿ ಎರಡು ಸಾವಿರ ಕೆಟ್ಟುಹೋದ ಸಾಮಾನಿಗೇ ಹೋಯಿತು. ಕ್ಯಾಮೆರಾ ಲೆಕ್ಕಕ್ಕಿಲ್ಲ, ಅದು ನಮ್ಮ ಭಾವನದು. ಇಷ್ಟರಲ್ಲೇ ಡೊಂಬಿವಲಿಯ ಒಂದು ಬೆಡ್‌ರೂಮ್ ಮನೆಯಲ್ಲಿ ಕ್ವಾಂಟಮ್ ಇರೇಸರ್ ಮಾಡಿ ತೋರಿಸಿದೆ, ಅದೂ ಒಂದೊಂದೇ ಫೋಟಾನ್ (ಬೆಳಕಿನ ಕಣ) ಹೋಗುವಷ್ಟು ಮಂದ ಬೆಳಕಿನಲ್ಲಿ. ಬೆಳಕು ಎರಡು ದಾರಿಯಲ್ಲಿ ಹೋಗಿ ಕೂಡಿದರೆ ಬೆಳಕು-ಕತ್ತಲಿನ ಪಟ್ಟೆ ಬೀಳುತ್ತದೆ. ಯಾವ ದಾರಿಯಿಂದ ಬಂತು ಅನ್ನುವ ಗುರುತು ಹಾಕಿದರೆ ಪಟ್ಟೆ ಹೋಗುತ್ತದೆ, ಗುರುತು ಅಳಿಸಿದರೆ ವಾಪಸ್ ಬರುತ್ತದೆ. ಇದೇ ಕ್ವಾಂಟಮ್ ಇರೇಸರ್. ಲಕ್ಷಗಟ್ಟಲೆ ಸಾಮಾನು ಬೇಕು, ಮನೆಯಲ್ಲಿ ಆಗುವ ಮಾತಲ್ಲ ಅಂದವರು ನಾಲ್ಕಾರು ಜನ. ಅವರೂ ಓದಲಿ, ಇದನ್ನೇ ಮಾಡಲು ಹೊರಟಿರುವ ಬೇರೆ ಮೇಷ್ಟ್ರುಗಳೂ ಓದಲಿ ಅಂತ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷದಿಂದ ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದೇನೆ. ಭಾನುವಾರ ಹಳೆ ವಿದ್ಯಾರ್ಥಿಗಳು ಏಳೆಂಟು ಮಂದಿ ಮನೆಗೆ ಬರುತ್ತಾರೆ. ಒಮ್ಮೆ ಒಬ್ಬ ಕೇಳಿದ, "ಸರ್, ಒಂದೇ ಕಣ ಎರಡೂ ಕಡೆಯಿಂದ ಹೋಗುತ್ತೆ ಅಂತ ಪುಸ್ತಕದಲ್ಲಿದೆ. ನಂಬಬೇಕಾ?" ಹಗಲೆಲ್ಲ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುವ ಹುಡುಗ. ಲೆಕ್ಕ ತಾಳೆಯಾಗದೆ ಏನನ್ನೂ ಒಪ್ಪುವವನಲ್ಲ. ಅವನ ಪ್ರಕಾರ ಬೌಲರ್ ಎಸೆದ ಚೆಂಡು ಸ್ಟಂಪಿನ ಆಫ್ ಕಡೆಯಿಂದ ಹೋಗಬೇಕು, ಇಲ್ಲ ಲೆಗ್ ಕಡೆಯಿಂದ ಹೋಗಬೇಕು. ಮೂರನೇದು ಇಲ್ಲ. ಅವನಿಗೆ ಬಾಯಿಮಾತಿನ ಉತ್ತರ ಕೊಡಲು ಮನಸ್ಸಾಗಲಿಲ್ಲ.

ಮೊದಲು ಮೈಕೆಲ್ಸನ್ ಥರದ್ದು, ಅಂದರೆ ಬೆಳಕನ್ನು ಸೀಳಿ ಎರಡು ಕನ್ನಡಿಗಳ ಕಡೆ ಕಳಿಸಿ ಮತ್ತೆ ಕೂಡಿಸುವ ಸಾಧನ, ಕಟ್ಟಲು ಹೋದೆ. ಅಡುಗೆ ಕಟ್ಟೆಗೆ ಹಾಕಿ ಉಳಿದಿದ್ದ ಕಡಪ್ಪ ಕಲ್ಲು, ಅದರ ಕೆಳಗೆ ಸೈಕಲ್ ಟ್ಯೂಬ್, ಮೇಲೆ ಕನ್ನಡಿಗಳು. ಪಟ್ಟೆ ಬಂತು. ಆದರೆ ನಮ್ಮ ಕಟ್ಟಡ ರೈಲ್ವೆ ಹಳಿಗೆ ಹತ್ತಿರ. ಫಾಸ್ಟ್ ಲೋಕಲ್ ಹೋದಾಗಲೆಲ್ಲ ಪಟ್ಟೆಗಳು ನೀರಿನ ಹಾಗೆ ಕುಣಿಯುತ್ತಿದ್ದವು. ರಾತ್ರಿ ಎರಡರಿಂದ ಮೂರೂವರೆವರೆಗೆ ಮಾತ್ರ ನಿಲ್ಲುತ್ತಿದ್ದವು. ಎರಡು ವಾರ ನಿದ್ದೆಗೆಟ್ಟು ಬಿಟ್ಟುಬಿಟ್ಟೆ. ಎರಡು ದಾರಿಗಳು ಒಂದಕ್ಕೊಂದು ಒತ್ತಿಕೊಂಡೇ ಇರಬೇಕು. ಆಗ ಅಲುಗಿದರೂ ಎರಡೂ ಒಟ್ಟಿಗೇ ಅಲುಗುತ್ತವೆ. ಇದು ಹೊಳೆದದ್ದು ಕಲ್ಲನ್ನು ವಾಪಸ್ ಅಟ್ಟಕ್ಕೆ ಹಾಕುವಾಗ.

ಹಾಗಾಗಿ ವೈರಿನೊಳಗಿನ ತಾಮ್ರದ ಒಂದು ಎಳೆ ತೆಗೆದುಕೊಂಡೆ. 0.2 ಮಿಲಿಮೀಟರ್ ಇರಬಹುದು. ಅದನ್ನು ಬಿಗಿಯಾಗಿ ನೆಟ್ಟಗೆ ಕಟ್ಟಿ ಲೇಸರ್ ಬಿಟ್ಟರೆ ಬೆಳಕು ಎಡದಿಂದಲೂ ಬಲದಿಂದಲೂ ಹೋಗಿ, ಎರಡೂವರೆ ಮೀಟರ್ ದೂರದ ಗೋಡೆಯ ಮೇಲೆ ಸುಮಾರು 8 ಮಿಲಿಮೀಟರಿಗೊಂದು ಪಟ್ಟೆ ಬೀಳುತ್ತದೆ. ಲೋಕಲ್ ಹೋದರೂ ಜಪ್ಪಯ್ಯ ಅನ್ನಲಿಲ್ಲ. ಲೇಸರ್ ಮುಂಬಯಿಯ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿನದು, 5 ಮಿಲಿವಾಟ್, ನೂರೈವತ್ತು ರೂಪಾಯಿ. ಮೊಬೈಲ್ ಚಾರ್ಜರಿಗೆ ನೇರ ಜೋಡಿಸಿ ಎರಡು ಸುಟ್ಟೆ. ಮೂರು ವೋಲ್ಟ್ ಮೀರಬೇಡಿ. ಮಕ್ಕಳ ಕಣ್ಣಿನ ಮಟ್ಟಕ್ಕೆ ಇಡಲೇಬೇಡಿ.

ಇನ್ನು ಗುರುತು ಹಾಕುವ ಕೆಲಸ. ಪೋಲರಾಯ್ಡ್ ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ; ಬೆಳಕು ಹಾಗೆ ಒಂದೇ ದಿಕ್ಕಿಗೆ ಕಂಪಿಸುವುದೇ ಧ್ರುವೀಕರಣ. ತಂತಿಯ ಎಡಕ್ಕೆ ನೆಟ್ಟಗಿನ ಪೋಲರಾಯ್ಡ್, ಬಲಕ್ಕೆ ಅಡ್ಡ ಪೋಲರಾಯ್ಡ್. ಯಾವ ಕಡೆಯಿಂದ ಬಂದದ್ದು ಅನ್ನುವುದು ಆಗ ಬೆಳಕಿನ ಮೇಲೇ ಬರೆದಿರುತ್ತದೆ, ಪಟ್ಟೆ ಅಳಿಸಿಹೋಗಬೇಕು. ನಾನು ಜಾಸ್ತಿ ದುಡ್ಡು ಕಳೆದದ್ದು ಇಲ್ಲೇ. ಮೊದಲು ಥಿಯೇಟರಿನ ತ್ರೀ-ಡಿ ಕನ್ನಡಕ ಕತ್ತರಿಸಿದೆ. ಅದು ವೃತ್ತಾಕಾರ ಧ್ರುವೀಕರಣದ್ದು, ಈ ಕೆಲಸಕ್ಕೆ ಬಾರದು. ಆಮೇಲೆ ಗುಜರಿಯವನಿಂದ ಹಳೆ ಮಾನಿಟರ್ ತಂದು ಹಾಳೆ ಸುಲಿದೆ. ಅಂಟು ಬಿಡಿಸಲು ಅಸಿಟೋನ್ ಹಚ್ಚಿದ್ದೇ ತಡ, ಹಾಳೆ ಬಿಳಿಚಿಕೊಂಡಿತು. ಕೊನೆಗೆ ಆರುನೂರು ಕೊಟ್ಟು ಹೊಸ ಹಾಳೆಯನ್ನೇ ತೆಗೆದುಕೊಂಡೆ. ಆಗಲೂ ಎಡಭಾಗ ಬರೀ ಕತ್ತಲು! ಲೇಸರ್ ಡಯೋಡಿನ ಬೆಳಕು ತಾನೇ ಒಂದು ದಿಕ್ಕಿಗೆ ಧ್ರುವೀಕರಣಗೊಂಡಿರುತ್ತದೆ ಅಲ್ವಾ, ಅದನ್ನು ಮರೆತಿದ್ದೆ. ಲೇಸರನ್ನೇ 45 ಡಿಗ್ರಿ ತಿರುಗಿಸಿದ ಮೇಲೆ ಎರಡೂ ಕಡೆ ಸಮವಾಯಿತು.

ಅಷ್ಟಾದರೂ ಪಟ್ಟೆ ಪೂರ್ತಿ ಅಳಿಸಲಿಲ್ಲ. ಹಾಳೆ ಹಿಡಿಸಲು ಹಚ್ಚಿದ್ದ ಸೆಲ್ಲೋಟೇಪ್ ಒಂದು ಚೂರು ಬೆಳಕಿನ ದಾರಿಗೆ ಬಂದಿತ್ತು. ಸೆಲ್ಲೋಟೇಪು ಧ್ರುವೀಕರಣದ ದಿಕ್ಕನ್ನೇ ಬದಲಿಸುತ್ತದೆ. ಕಾರಣ ಸಿಕ್ಕಿದ ಖುಷಿಗೆ ಒಂದಿಡೀ ಸಂಜೆ ಅದರಲ್ಲೇ ಕಳೆದೆ. ಎರಡು ಪೋಲರಾಯ್ಡ್ ಮಧ್ಯೆ ಟೇಪನ್ನು ಪದರ ಪದರವಾಗಿ ಅಂಟಿಸಿ ಬಿಳಿ ಬಲ್ಬಿಗೆ ಹಿಡಿದರೆ ನೀಲಿ, ಹಳದಿ, ನೇರಳೆ ಬಣ್ಣಗಳು ಬರುತ್ತವೆ. ಮಗಳು ಅದರಲ್ಲಿ ಒಂದು ಚಿಟ್ಟೆಯನ್ನೇ ಮಾಡಿದಳು. ಇನ್ನೊಂದು ಸಂಜೆ ಸೈಕಲ್ ಬೇರಿಂಗಿನ ಗುಂಡನ್ನು ಗಾಜಿಗೆ ಅಂಟಿಸಿ, ಅದರ ನೆರಳಿನ ನಟ್ಟನಡುವೆ ಬೆಳಗುವ ಚುಕ್ಕೆ ನೋಡಿದೆವು. ಅದನ್ನು ನೀವೂ ಮಾಡಿ ನೋಡಿ, ಖರ್ಚೇ ಇಲ್ಲ.

ಎರಡು ಹಾಳೆಗಳ ಅಂಚು ತಂತಿಯ ಮೇಲೆ ಕೂದಲಷ್ಟೂ ಸಂದಿಲ್ಲದೆ ಕೂಡಬೇಕು. ಏಳನೇ ಸಲಕ್ಕೆ ಕೂಡಿತು. ಹೇಗೆ ಕತ್ತರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ತೋರಿಸುತ್ತೇನೆ. ಕೂಡಿದ ತಕ್ಷಣ ಪಟ್ಟೆ ಹೋಗಿ ಗೋಡೆಯ ಮೇಲೆ ಸುಮ್ನೆ ಒಂದು ಕೆಂಪು ಹರವು. ತಂತಿ ದಾಟಿದ ಮೇಲೆ, 45 ಡಿಗ್ರಿಗೆ ಮೂರನೇ ಪೋಲರಾಯ್ಡ್ ಹಿಡಿದರೆ ಗುರುತು ಅಳಿಸುತ್ತದೆ, ಪಟ್ಟೆ ವಾಪಸ್. ಆ ಹಾಳೆಯನ್ನು ಇನ್ನೊಂದು ಪಕ್ಕಕ್ಕೆ 45 ಡಿಗ್ರಿ ತಿರುಗಿಸಿದರೆ ಬೆಳಕಿದ್ದಲ್ಲಿ ಕತ್ತಲು, ಕತ್ತಲಿದ್ದಲ್ಲಿ ಬೆಳಕು.

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಸ್ನೇಹಿತರೊಬ್ಬರು ಇದನ್ನು ನೋಡಿ, "ಮಾಸ್ತರೇ, ಇದು ಬರೀ ಅಲೆಯ ಆಟ. ಫ್ರಾನ್ಸಿನ ಫ್ರೆನೆಲ್, ಅರಾಗೋ ಇನ್ನೂರು ವರ್ಷದ ಹಿಂದೆಯೇ ಹೇಳಿದ್ದಾರೆ. ಕ್ವಾಂಟಮ್ ಎಲ್ಲಿದೆ ಇದರಲ್ಲಿ?" ಅಂದರು. ಅವರ ಮಾತು ನ್ಯಾಯವಾದದ್ದು. ಬೆಳಕು ಧಾರಾಳವಾಗಿದ್ದರೆ ಅಲೆ ಅಂದುಕೊಂಡರೆ ಮುಗಿಯಿತು. ಮಂದ ಬೆಳಕಿನಲ್ಲಿ ಮಾಡುತ್ತೇನೆ ಅಂದೆ. "ಮನೆಯಲ್ಲಾ? ಆಗದು ಬಿಡಿ" ಅಂದು ಚಹಾ ಕುಡಿದು ಹೋದರು.

1909ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಜಿ. ಐ. ಟೇಲರ್ ಇದೇ ಥರ ಸೂಜಿಯ ನೆರಳಿನ ಚಿತ್ರ ತೆಗೆದಿದ್ದರು. ಗ್ಯಾಸ್ ದೀಪ, ಮಸಿ ಹಿಡಿಸಿದ ಗಾಜು. ಅತಿ ಮಂದ ಬೆಳಕಿಗೆ ಹಿಡಿದದ್ದು ಸುಮಾರು 2,000 ಗಂಟೆ, ಮೂರು ತಿಂಗಳ ಹತ್ತಿರ. ಆದರೂ ಪಟ್ಟೆಗಳು ಮಸುಕಾಗಲಿಲ್ಲ. ನಮ್ಮ ಹತ್ತಿರ ಡಿಜಿಟಲ್ ಕ್ಯಾಮೆರಾ ಇದೆ, ಮೂವತ್ತು ಸೆಕೆಂಡ್ ಸಾಕು.

ಸಾವಿರದಲ್ಲಿ ಒಂದು ಪಾಲು ಬೆಳಕು ಬಿಡುವ ಮೂರು ಎನ್‌ಡಿ ಫಿಲ್ಟರ್ ತಂದೆ. ಮೂರಕ್ಕೆ ಎರಡು ಸಾವಿರದ ಚಿಲ್ಲರೆ. ಲೆಕ್ಕ ಹೀಗೆ: ಮೂರೂ ಸೇರಿದರೆ ಬೆಳಕು ನೂರು ಕೋಟಿಯಲ್ಲಿ ಒಂದು ಪಾಲಾಗುತ್ತದೆ. ಆಗ ಸೆಕೆಂಡಿಗೆ ಒಂದೂವರೆ ಕೋಟಿ ಫೋಟಾನ್ ಉಳಿಯುತ್ತದೆ. ಕೇಳಲು ಬಹಳ. ಆದರೆ ಬೆಳಕಿನ ವೇಗಕ್ಕೆ, ಒಂದು ಫೋಟಾನಿಗೂ ಹಿಂದಿನದಕ್ಕೂ ನಡುವೆ ಸರಾಸರಿ 20 ಮೀಟರ್. ಲೋಕಲಿನ ಒಂದು ಬೋಗಿಯಷ್ಟು ಅಂತರ. ನನ್ನ ಡಬ್ಬಿ ಒಂದೇ ಮೀಟರ್. ಒಂದು ಬಂದು ಮುಗಿದು ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಒಳಗೆ ಬರುತ್ತದೆ.

ಡಬ್ಬಿ ಅಂದರೆ ನಾಲ್ಕಿಂಚಿನ ಪಿವಿಸಿ ಪೈಪು. ಒಳಗೆ ಕರಿಹಲಗೆಯ ಪೇಂಟ್, ಹೊರಗೆ ಹಳೆ ಕೊಡೆಯ ಬಟ್ಟೆ. ತುದಿಗೆ ಲೆನ್ಸ್ ತೆಗೆದ ಕ್ಯಾಮೆರಾ. ಮೂರು ರಾತ್ರಿ ಚಿತ್ರವೆಲ್ಲ ಕೆಂಪು ಮಂಜು. ಕೊನೆಗೆ ಕಳ್ಳ ಸಿಕ್ಕಿದ, ಎಕ್ಸ್‌ಟೆನ್ಷನ್ ಬೋರ್ಡಿನ ಪುಟ್ಟ ಕೆಂಪು ದೀಪ! ಫಿಲ್ಟರುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಬರುವ ಎರಡನೇ ನೆರಳನ್ನು ಹೇಗೆ ತಪ್ಪಿಸಿದೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ಒಂದು ಸೆಕೆಂಡಿನ ಚಿತ್ರದಲ್ಲಿ ಏನೂ ಇಲ್ಲ, ರವೆ ಚೆಲ್ಲಿದ ಹಾಗೆ ಕಾಳು ಕಾಳು. ಮೂವತ್ತು ಸೆಕೆಂಡಿಗೆ ಪಟ್ಟೆ ಎದ್ದು ಬಂತು, ಎರಡು ಮಿಲಿಮೀಟರಿಗೊಂದು (ಕ್ಯಾಮೆರಾ ಗೋಡೆಗಿಂತ ಹತ್ತಿರ). ಎರಡು ಹಾಳೆ ಹಾಕಿದೆ, ಮಾಯ. ಮೂರನೇದು ಹಾಕಿ ಅರವತ್ತು ಸೆಕೆಂಡ್ ಕೊಟ್ಟೆ, ಮತ್ತೆ ಹಾಜರ್. ಮೈ ಜುಂ ಅಂತು.

ಇಷ್ಟು ಸಾಧಿಸಿದರೂ ಜಾಸ್ತಿ ಹೇಳಿಕೊಳ್ಳುವುದಿಲ್ಲ. ಮಂದ ಮಾಡಿದ ಲೇಸರಿನಲ್ಲಿ ಆಗೊಮ್ಮೆ ಈಗೊಮ್ಮೆ ಎರಡು ಫೋಟಾನ್ ಒಟ್ಟಿಗೇ ಬರುತ್ತವೆ, ಈ ಕ್ಯಾಮೆರಾ ಒಂದೊಂದನ್ನೇ ಎಣಿಸುವುದೂ ಇಲ್ಲ. ನಿಜವಾದ ಒಂಟಿ ಫೋಟಾನಿನಲ್ಲಿ ಪಟ್ಟೆ ಬರುವುದನ್ನು 1986ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಗ್ರಾಂಜಿಯೆ, ರೋಜೆ, ಆಸ್ಪೆ ತೋರಿಸಿದ್ದಾರೆ. ಆ ಆಸ್ಪೆಗೇ 2022ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು. ಮೂರೂ ಚಿತ್ರಗಳನ್ನು ಕಾಲೇಜಿನ ಸ್ನೇಹಿತರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು, "ಮಾಸ್ತರೇ, ಇದನ್ನು ನಮ್ಮ ಬಿಎಸ್‌ಸಿ ಹುಡುಗರಿಗೆ ಬಂದು ತೋರಿಸ್ತೀರಾ?"

ಗಲ್ಲಾ ಹುಡುಗ ಬಂದ ಭಾನುವಾರ ಎಲ್ಲ ಅವನ ಕೈಯಿಂದಲೇ ಮಾಡಿಸಿದೆ. ಲೆಕ್ಕವನ್ನೂ ಅವನೇ ಎರಡು ಸಲ ಹಾಕಿದ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದ, "ಹಾಗಾದ್ರೆ ಈ ಪಟ್ಟೆ ಮಾಡಿದ ಒಂದೊಂದು ಫೋಟಾನೂ ಯಾವ ಕಡೆಯಿಂದ ಹೋಯ್ತು ಸರ್?" ನಮಗೆ ಗೊತ್ತಾಗುತ್ತಿಲ್ಲ ಅಂತಲ್ಲ, ಗುರುತೇ ಉಳಿಯದ ಮೇಲೆ ಆ ಪ್ರಶ್ನೆಗೆ ಉತ್ತರ ಅನ್ನುವುದೇ ಇರುವುದಿಲ್ಲ ಅಂದೆ. ಅವನು ಒಪ್ಪಲಿಲ್ಲ. ಮೂರನೇ ಹಾಳೆ ತಂತಿಗೆ ತೀರಾ ಹತ್ತಿರವಿದೆ, ದೂರ ಇಟ್ಟು ನೋಡೋಣ ಅಂದ. ನಲವತ್ತು ಸೆಂಟಿಮೀಟರ್ ಆಚೆ ಇಟ್ಟೆವು. ಅದೇ ಪಟ್ಟೆ.

ಮುಂದಿನ ಭಾನುವಾರ ಹತ್ತಡಿ ಪೈಪ್ ತರುತ್ತಾನಂತೆ. ಒಳಕೋಣೆಯಿಂದ ಅಡುಗೆಮನೆ ಬಾಗಿಲವರೆಗೆ ಬರುತ್ತದೆ, ಅಳತೆ ಮಾಡಿಟ್ಟಿದ್ದೇನೆ.