ದಿನಾ 90 ಕಿ.ಮೀ. ಓಡಾಟಕ್ಕೆ ಯಾವ ಸಣ್ಣ ಕಾರು?

ಪುಣೆಯಲ್ಲಿ ಹೊಸ ಕಾರು ತಂದರೆ ಪೇಢೆ ಬಾಯಿಗೆ ಹಾಕಿಕೊಳ್ಳುತ್ತಲೇ ಕೇಳುವ ಪ್ರಶ್ನೆ, ‘ಆವರೇಜ್ ಕಿತಿ?’ ನಾವು ಮೈಲೇಜ್ ಅನ್ನುವುದಕ್ಕೆ ಇಲ್ಲಿ ಆವರೇಜ್. ನನ್ನ ಮನೆ ಖರಾಡಿಯಲ್ಲಿ, ಕೆಲಸ ರಾಂಜಣಗಾಂವ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ಹೋಗಿ ಬಂದರೆ ಹತ್ತಿರಹತ್ತಿರ 90 ಕಿ.ಮೀ. ಕಾರು ಆರಿಸುವಾಗ ನಾನು ಹಾಕಿದ ಲೆಕ್ಕವನ್ನೂ, ಹಾಕದೆ ಪೆಟ್ಟು ತಿಂದದ್ದನ್ನೂ ಹೇಳುತ್ತೇನೆ.

ಮೊದಲು ನಿಮ್ಮ ದಾರಿ ಬರೆದುಕೊಳ್ಳಿ

ಶೋರೂಮಿಗೆ ಹೋಗುವ ಮುಂಚೆ ಒಂದು ವಾರ ಗಮನಿಸಿ. ಎಲ್ಲಿ ಒಂದು, ಎರಡನೇ ಗೇರಿನಲ್ಲೇ ತೆವಳುತ್ತೀರಿ? ಎಲ್ಲಿ ಆರಾಮಾಗಿ 80ರಲ್ಲಿ ಹೋಗುತ್ತೀರಿ? ನನಗೆ ವಾಘೋಲಿ, ಶಿಕ್ರಾಪುರಗಳಲ್ಲಿ ತೆವಳಾಟ, ಉಳಿದದ್ದು ಓಟ. ತೆವಳುವುದೇ ಜಾಸ್ತಿಯಿದ್ದರೆ ಕ್ಲಚ್ ಒತ್ತಿ ಒತ್ತಿ ಎಡಗಾಲು ಸೋಲುತ್ತದೆ. ಅಂಥವರು ಕ್ಲಚ್ ಒತ್ತದೆ ಗೇರು ತಾನೇ ಬದಲಾಗುವ ಎಎಂಟಿ ಕಾರನ್ನೂ ಒಮ್ಮೆ ಓಡಿಸಿ ನೋಡಬೇಕು.

ಬ್ರೋಶರಿನ ಅಂಕಿಯಲ್ಲಿ ಕಾಲು ಭಾಗ ಕಳೆಯಿರಿ

ಬ್ರೋಶರಿನಲ್ಲಿ ಮೈಲೇಜಿನ ಪಕ್ಕ ಎಆರ್‌ಎಐ ಅಂತ ಇರುತ್ತದಲ್ವಾ, ಕಾರು ಪರೀಕ್ಷಿಸುವ ಆ ಸಂಸ್ಥೆ ಇರುವುದು ನಮ್ಮ ಪುಣೆಯ ವೇತಾಳ ಟೇಕಡಿ ಅನ್ನುವ ಗುಡ್ಡದಲ್ಲೇ. ಆದರೆ ಪರೀಕ್ಷೆಯಲ್ಲಿ ಕಾರು ಟೇಕಡಿ ಹತ್ತುವುದಿಲ್ಲ. ರೋಲರ್ ಮೇಲೆ ನಿಂತಲ್ಲೇ ಸುಮಾರು 20 ನಿಮಿಷ ಓಡುತ್ತದೆ. ವೇಗ 90 ದಾಟುವುದಿಲ್ಲ, ಎಸಿ ಬಂದ್. ವಾಘೋಲಿಯ ನೀರಿನ ಟ್ಯಾಂಕರ್ ಅಡ್ಡ ಬರುವುದಿಲ್ಲ. ಅದು ಸುಳ್ಳು ಅಂಕಿಯಲ್ಲ, ಎರಡು ಕಾರು ಹೋಲಿಸಲು ಒಳ್ಳೆಯದೇ. ಖರ್ಚಿನ ಲೆಕ್ಕಕ್ಕೆ ಮಾತ್ರ ಅದನ್ನು ನಂಬಬೇಡಿ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ. ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಿಮೆ.

ಈಗ ರೂಪಾಯಿ ಲೆಕ್ಕ

ತಿಂಗಳಿಗೆ 25 ದಿನ, ಅಂದರೆ 2,250 ಕಿ.ಮೀ. ಬ್ರೋಶರಿನಲ್ಲಿ 24 ಇರುವ ಪೆಟ್ರೋಲ್ ಕಾರು 18 ಕೊಡುತ್ತದೆ ಅಂದುಕೊಳ್ಳಿ. 125 ಲೀಟರ್ ಬೇಕು. ಲೀಟರಿಗೆ 105 ರೂಪಾಯಿ ಹಿಡಿದರೆ 13,125 ರೂಪಾಯಿ. ಅದೇ ಕಾರಿನ ಸಿಎನ್‌ಜಿ ಮಾದರಿ ಕೆ.ಜಿ.ಗೆ 25 ಕೊಟ್ಟರೆ 90 ಕೆ.ಜಿ. ಸಾಕು. ಕೆ.ಜಿ.ಗೆ 90 ರೂಪಾಯಿಯಂತೆ 8,100. ತಿಂಗಳಿಗೆ 5,025 ಉಳಿಯಿತು. ಸಿಎನ್‌ಜಿ ಕಾರಿಗೆ 95,000 ಜಾಸ್ತಿ ಕೊಟ್ಟಿದ್ದರೂ 19 ತಿಂಗಳಲ್ಲಿ ವಾಪಸ್. ನಿಮ್ಮ ಬಂಕಿನ ದರ ಹಾಕಿ ನೀವೇ ಗುಣಿಸಿ ನೋಡಿ.

ದಿನಕ್ಕೆ ಬರೀ 15 ಕಿ.ಮೀ. ಓಡಿಸುವವರಿಗೆ ಇದೇ ದುಡ್ಡು ವಾಪಸಾಗಲು ಒಂಬತ್ತು ವರ್ಷ ದಾಟುತ್ತದೆ. ಅವರು ಪೆಟ್ರೋಲ್ ಕಾರು ತಗೊಂಡು ಸುಮ್ನೆ ಇರಬಹುದು. ಸ್ವಂತ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಸೊಸೈಟಿ ಒಪ್ಪಿದರೆ ಟಿಯಾಗೊ ಇವಿಯಂಥ ಕಾರನ್ನೂ ಲೆಕ್ಕಕ್ಕೆ ಸೇರಿಸಿ. ನಮ್ಮ ಸೊಸೈಟಿಯಲ್ಲಿ ಅದರ ಮಾತು ಇನ್ನೂ ಮೀಟಿಂಗಿನಲ್ಲೇ ಇದೆ.

ಸಿಲಿಂಡರ್ ಎಷ್ಟು, ಬಂಕ್ ಎಲ್ಲಿ?

ನಾನು ಎಡವಿದ್ದು ಇಲ್ಲಿ. ವ್ಯಾಗನ್ಆರ್, ಸೆಲೆರಿಯೊ ಸಿಎನ್‌ಜಿಗಳ ಬ್ರೋಶರ್ ಅಂಕಿ ಕೆ.ಜಿ.ಗೆ 34ರ ಆಸುಪಾಸು. ಅದನ್ನು ನೋಡಿ ಖುಷಿಯಾಗಿದ್ದೆ. ಆದರೆ 60 ಲೀಟರಿನ ಸಿಲಿಂಡರಿನಲ್ಲಿ ಹಿಡಿಸುವುದು ಎಂಟೊಂಬತ್ತು ಕೆ.ಜಿ. ಗ್ಯಾಸು. ಅಂದರೆ ಎರಡು ದಿನಕ್ಕೊಮ್ಮೆ ಬಂಕು! ಸಂಜೆ ಏಳಕ್ಕೆ ಹೋಗಿ 40 ನಿಮಿಷ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಪ್ರೆಶರ್ ಇಳಿದು ಆರು ಕೆ.ಜಿ.ಯಷ್ಟೇ ತುಂಬಿತು. ಈಗ ರಾತ್ರಿ ಹತ್ತರ ಮೇಲೇ ಹೋಗುವುದು. ನಿಮ್ಮ ದಾರಿಯಲ್ಲಿ, ಅದೂ ನೀವು ಹೋಗುವ ಕಡೆಯ ರಸ್ತೆಯಲ್ಲಿ, ಎಷ್ಟು ಬಂಕು ಇವೆ ಅಂತ ಎಣಿಸಿಯೇ ಬುಕ್ ಮಾಡಿ.

ಡಿಕ್ಕಿಯದು ಇನ್ನೊಂದು ಕಥೆ. ವಿಜಯಪುರದಿಂದ ಹೊರಡುವಾಗ ಅವ್ವ ಜೋಳದ ಹಿಟ್ಟಿನ ಚೀಲ, ಶೇಂಗಾ, ರೊಟ್ಟಿ ಗಂಟು ಎಲ್ಲ ತಂದಿಟ್ಟಳು. ಡಿಕ್ಕಿ ತೆಗೆದು ಸಿಲಿಂಡರ್ ನೋಡಿ, ‘ಇದೇನೋ, ಗ್ಯಾಸಿನ ಡಬ್ಬಿ ಹೊತ್ಕೊಂಡು ಬಂದೀಯಲ್ಲೋ’ ಅಂದಳು. ಚೀಲ ಹಿಂದಿನ ಸೀಟಿನಲ್ಲಿ ಕೂತು ಬಂತು. ಇದು ತೊಂದರೆ ಅನಿಸಿದರೆ ಟಿಯಾಗೊ ಸಿಎನ್‌ಜಿ ನೋಡಿ. ಅದರಲ್ಲಿ ಎರಡು ಸಣ್ಣ ಸಿಲಿಂಡರ್ ಡಿಕ್ಕಿಯ ತಳದಲ್ಲಿ ಮಲಗಿವೆ.

ಟೆಸ್ಟ್ ಡ್ರೈವಿಗೆ ಕೆಲಸದ ಬೂಟು ಹಾಕಿ ಹೋಗಿ

ನನ್ನದು ಕಾರ್ಖಾನೆಯ ಸೇಫ್ಟಿ ಶೂ. ಒಂದು ಕಾರಿನಲ್ಲಿ ಬ್ರೇಕ್ ಒತ್ತಿದರೆ ಬೂಟಿನ ಅಂಚು ಆಕ್ಸಿಲರೇಟರಿಗೆ ತಾಗುತ್ತಿತ್ತು. ಚಪ್ಪಲಿಯಲ್ಲಿ ಓಡಿಸಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಶೋರೂಮಿನ ಸುತ್ತ ಒಂದು ರೌಂಡ್ ಸಾಲದು, ಅರ್ಧ ಗಂಟೆ ಕೇಳಿ. ಎಸಿ ಹಾಕಿ, ನಾಲ್ಕು ಜನ ಕೂತು, ಒಂದು ಏರು ಹತ್ತಿಸಿ. ಸಿಎನ್‌ಜಿಯಲ್ಲಿ ಪಿಕಪ್ ಕಡಿಮೆ. ಖಂಡಾಳಾ ಘಾಟಿನಲ್ಲಿ ಓಡಾಡುವವರಿಗೆ ಇದು ಮುಖ್ಯ. ಹೈವೇಯಲ್ಲಿ ದಿನಾ ಲಾರಿಗಳ ನಡುವೆ ಓಡಿಸುವುದರಿಂದ ಅಪಘಾತದ ಪರೀಕ್ಷೆಯಲ್ಲಿ ಕಾರಿಗೆ ಸಿಕ್ಕ ಭಾರತ್ ಎನ್‌ಸಿಎಪಿ ಸ್ಟಾರ್ ಎಷ್ಟು ಅಂತಲೂ ಕೇಳಿ. ಆವರೇಜ್ ಒಂದೆರಡು ಕಡಿಮೆಯಾದರೂ ಸ್ಟಾರ್ ಜಾಸ್ತಿಯಿರುವ ಕಾರಿಗೇ ನನ್ನ ವೋಟು.

‘ಊರಲ್ಲಿ ಗುರುತಿನ ಶೋರೂಮ್ ಐತಿ, ಅಲ್ಲೇ ತಗೋ’ ಅನ್ನುವ ಮಾವಂದಿರು ಎಲ್ಲರಿಗೂ ಇರುತ್ತಾರೆ. ಬೇಡ. ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ಓಡಿಸುವುದಾದರೆ ಕೆಎ ನಂಬರನ್ನು ಎಂಎಚ್‌ಗೆ ಬದಲಿಸಿ, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಮಹಾರಾಷ್ಟ್ರದಲ್ಲಿ ಸಿಎನ್‌ಜಿ ಕಾರಿಗೆ ಪೆಟ್ರೋಲ್ ಕಾರಿಗಿಂತ ತೆರಿಗೆ ಕಡಿಮೆ.

ತಂದ ಮೇಲೆ ಅಳೆಯಿರಿ

ಸಿಎನ್‌ಜಿಯಲ್ಲಿ ‘ಫುಲ್’ ಅನ್ನುವುದು ಆ ಹೊತ್ತಿನ ಪ್ರೆಶರಿನ ಮೇಲೆ ಹೋಗುತ್ತದೆ. ಹಾಗಾಗಿ ಒಂದು ಸಲದ ಲೆಕ್ಕ ಸುಳ್ಳು ಹೇಳುತ್ತದೆ. ತಿಂಗಳಲ್ಲಿ ಓಡಿದ ಕಿ.ಮೀ.ಯನ್ನು ತುಂಬಿಸಿದ ಒಟ್ಟು ಕೆ.ಜಿ.ಯಿಂದ ಭಾಗಿಸಿ. ನನ್ನ ಡೈರಿಯಲ್ಲಿ ಡಿಸೆಂಬರ್‌ಗೆ 26, ಎಸಿ ಓಡಿದ ಮೇ ತಿಂಗಳಿಗೆ 24. ಜುಲೈಯಲ್ಲಿ 21ಕ್ಕೆ ಬಿತ್ತು. ಮಳೆ, ಟ್ರಾಫಿಕ್ ಅಂದುಕೊಂಡು ಸುಮ್ಮನಿದ್ದೆ. ಕೊನೆಗೆ ಗಾಳಿ ನೋಡಿಸಿದರೆ ನಾಲ್ಕು ಟೈರಿನಲ್ಲೂ 33 ಇರಬೇಕಾದಲ್ಲಿ 25ರ ಆಚೀಚೆ ಇತ್ತು, ಹಿಂದಿನ ಎಡ ಟೈರಿನಲ್ಲಿ ಒಂದು ಮೊಳೆ.